ಸ್ನಾನದೀಕ್ಷೆಯ ನೀರು, ಮನೆ ಬಾವಿಯ ನೀರು

ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳ ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಬಂದು ಹೋಗುತ್ತದೆ. ಆಗ ಅಂಗಳ, ಗದ್ದೆ, ರಸ್ತೆ ಎಲ್ಲವೂ ನೀರೇ ನೀರು. ಏಪ್ರಿಲ್, ಮೇ ತಿಂಗಳು ಬಂತೆಂದರೆ ಇದೇ ಊರುಗಳ ಎಷ್ಟೋ ಬಾವಿಗಳಲ್ಲಿ ತಳ ಕಾಣುತ್ತದೆ. ಕಡಲಿಗೂ ಅಳಿವೆಗೂ ಹತ್ತಿರದ ಮನೆಗಳಲ್ಲಿ ಬಾವಿಯ ನೀರು ಬಾಯಿಗಿಡಲಾಗದಷ್ಟು ಉಪ್ಪಾಗುತ್ತದೆ. ಕೊಡ ಹಿಡಿದು ನೆರೆಮನೆಯ ಬಾವಿಗೆ ಹೋಗುವುದು, ಟ್ಯಾಂಕರಿಗಾಗಿ ಕಾಯುವುದು ಇಲ್ಲಿ ಯಾರಿಗೂ ಹೊಸ ಅನುಭವವಲ್ಲ.

ಹೀಗೆ ನೀರಿನ ಅತಿಯನ್ನೂ ಕೊರತೆಯನ್ನೂ ಒಂದೇ ವರ್ಷದಲ್ಲಿ ಕಾಣುವ ಜನರಿಗೆ ಧರ್ಮಸಭೆ ನೀರಿನ ಬಗ್ಗೆ ಹೇಳುವ ಮಾತು ಬೇಗ ಅರ್ಥವಾಗಬೇಕು. ನಮ್ಮ ವಿಶ್ವಾಸದ ಬದುಕು ನೀರಿನಿಂದಲೇ ಆರಂಭವಾಗುತ್ತದೆ. ದೇವಾಲಯವನ್ನು ಪ್ರವೇಶಿಸುವಾಗ ನಾವು ಮೊದಲು ಮುಟ್ಟುವುದು ನೀರನ್ನು. ಕೊನೆಗೆ ನಮ್ಮ ಶವಪೆಟ್ಟಿಗೆಯ ಮೇಲೆ ಬೀಳುವುದೂ ನೀರೇ. ಈ ನೀರು ಎಲ್ಲಿಂದ ಬರುತ್ತದೆ? ಅದಕ್ಕೂ ನಮ್ಮ ಬಾವಿ, ಹೊಳೆ, ಕಡಲುಗಳಿಗೂ ಏನು ಸಂಬಂಧ? ಇದನ್ನು ಅರಿಯುವುದೇ ಈ ಲೇಖನದ ಉದ್ದೇಶ.

ಪವಿತ್ರ ಗ್ರಂಥದಲ್ಲಿ ನೀರು

ಬೈಬಲಿನ ಮೊದಲ ಪುಟದಲ್ಲೇ ನೀರಿದೆ. ದೇವರು ಬೆಳಕನ್ನು ಉಂಟುಮಾಡುವ ಮೊದಲೇ ದೇವರಾತ್ಮವು ಜಲರಾಶಿಯ ಮೇಲೆ ಚಲಿಸುತ್ತಿತ್ತೆಂದು ಆದಿಕಾಂಡ ಹೇಳುತ್ತದೆ. ಆಮೇಲೆ ದೇವರು ನೀರಿಗೆ ಎಲ್ಲೆಯನ್ನು ಗೊತ್ತುಮಾಡಿ, ಒಣನೆಲವನ್ನೂ ಕಡಲನ್ನೂ ಬೇರ್ಪಡಿಸುತ್ತಾರೆ. ಬೈಬಲಿನ ಕೊನೆಯ ಅಧ್ಯಾಯದಲ್ಲಿಯೂ, ಪ್ರಕಟನಾ ಗ್ರಂಥದಲ್ಲಿ, ದೇವರ ಸಿಂಹಾಸನದಿಂದ ಹೊರಡುವ ಜೀವಜಲದ ನದಿಯನ್ನು ಕಾಣುತ್ತೇವೆ. ಈ ಎರಡರ ನಡುವೆ ರಕ್ಷಣೆಯ ಇತಿಹಾಸವೆಲ್ಲ ನೀರಿನ ದಡದಲ್ಲೇ ನಡೆದಂತಿದೆ.

ಆದರೆ ಬೈಬಲಿನಲ್ಲಿ ನೀರು ಯಾವಾಗಲೂ ಸೌಮ್ಯವಲ್ಲ. ನೋವನ ಕಾಲದ ಜಲಪ್ರಳಯ ಲೋಕವನ್ನೇ ಮುಳುಗಿಸಿತು. ಕೆಂಪು ಸಮುದ್ರ ಇಸ್ರಯೇಲರಿಗೆ ದಾರಿಯಾಯಿತು, ಬೆನ್ನಟ್ಟಿ ಬಂದ ಸೈನ್ಯಕ್ಕೆ ಸಮಾಧಿಯಾಯಿತು. ಆದ್ದರಿಂದಲೇ ಸಂತ ಪೌಲರು ರೋಮಿನ ಕ್ರೈಸ್ತರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ ಸ್ನಾನದೀಕ್ಷೆಯನ್ನು ಮೊದಲು ಸಾವಿಗೆ, ಸಮಾಧಿಗೆ ಹೋಲಿಸುತ್ತಾರೆ. ಕ್ರಿಸ್ತರೊಡನೆ ನೀರಿನಲ್ಲಿ ಹೂಳಲ್ಪಟ್ಟವರು ಅವರೊಡನೆ ಹೊಸ ಬದುಕಿಗೆ ಏಳುತ್ತಾರೆ ಎಂಬುದು ಅವರ ಬೋಧನೆ. ಕಡಲಿನ ಮೇಲೆ ಜೀವನ ನಡೆಸುವ ಮೀನುಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅನ್ನ ಕೊಡುವ ನೀರೇ ಪ್ರಾಣ ತೆಗೆಯಬಲ್ಲದೆಂದು ಅವರಿಗೆ ಗೊತ್ತು. 2022ರ ಆಗಸ್ಟ್ 2ರಂದು ಭಾರಿ ಮಳೆಗೆ ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಕೊಂಡ ನೋವು ಈ ಭಾಗದವರ ನೆನಪಿನಲ್ಲಿ ಇನ್ನೂ ಹಸಿಯಾಗಿದೆ.

ಉಪ್ಪು ನೀರು, ಸಿಹಿ ನೀರಿನ ಸಂಕಟವೂ ಬೈಬಲಿಗೆ ಪರಿಚಿತ. ಮರುಭೂಮಿಯಲ್ಲಿ ಮೂರು ದಿನ ನಡೆದ ಇಸ್ರಯೇಲರಿಗೆ ಮಾರಾ ಎಂಬಲ್ಲಿ ಸಿಕ್ಕಿದ ನೀರು ಕಹಿಯಾಗಿತ್ತು. ಮೋಶೆ ದೇವರು ತೋರಿಸಿದ ಮರದ ತುಂಡನ್ನು ಹಾಕಿದಾಗ ಅದು ಸಿಹಿಯಾಯಿತು. ಜೆರಿಕೋವಿನ ಕೆಟ್ಟ ನೀರಿನ ಬುಗ್ಗೆಗೆ ಪ್ರವಾದಿ ಎಲೀಷ ಉಪ್ಪು ಹಾಕಿ ಅದನ್ನು ಸರಿಪಡಿಸಿದನೆಂದು ಅರಸರ ದ್ವಿತೀಯ ಗ್ರಂಥ ತಿಳಿಸುತ್ತದೆ. ಪ್ರವಾದಿ ಯೆಜೆಕಿಯೇಲನ ದರ್ಶನವಂತೂ ನಮ್ಮ ಅಳಿವೆಗಳನ್ನು ನೋಡಿ ಬರೆದಂತಿದೆ. ದೇವಾಲಯದ ಹೊಸ್ತಿಲಿನ ಕೆಳಗಿಂದ ಹೊರಟ ನೀರು ಮೊದಲು ಪಾದದ ಗಂಟಿನವರೆಗೆ, ಆಮೇಲೆ ಮೊಣಕಾಲಿನವರೆಗೆ, ಸೊಂಟದವರೆಗೆ ಏರಿ ದಾಟಲಾಗದ ನದಿಯಾಗುತ್ತದೆ. ಅದು ಸೇರಿದ ಕಡಲಿನ ನೀರು ಸಿಹಿಯಾಗುತ್ತದೆ, ದಡದಲ್ಲಿ ಬೆಸ್ತರು ಬಲೆ ಹರಡುತ್ತಾರೆ. ಆದರೆ ಜವುಗು ನೆಲಗಳು ಮಾತ್ರ ಉಪ್ಪಿಗೆಂದೇ ಉಳಿಯುತ್ತವೆ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದವರಿಗೆ ಆ ಕೊನೆಯ ಮಾತು ಏಕೆ ಬಂತೆಂದು ತಿಳಿಯುತ್ತದೆ. ಸಿಹಿಗೂ ಉಪ್ಪಿಗೂ ದೇವರ ಸೃಷ್ಟಿಯಲ್ಲಿ ಅದರದರ ಜಾಗವಿದೆ.

ಯೇಸುಸ್ವಾಮಿಯ ಜೀವನದಲ್ಲಿ ನೀರು

ಯೇಸುಸ್ವಾಮಿ ತಮ್ಮ ಸಾರ್ವಜನಿಕ ಸೇವೆಯನ್ನು ಜೋರ್ಡನ್ ನದಿಯಲ್ಲಿ ನಿಂತು ಆರಂಭಿಸಿದರು. ಅವರಿಗೆ ಶುದ್ಧೀಕರಣದ ಅಗತ್ಯವಿರಲಿಲ್ಲ. ಅವರು ನೀರಿಗಿಳಿದದ್ದರಿಂದ ನೀರೇ ಪವಿತ್ರವಾಯಿತೆಂದು ಧರ್ಮಸಭೆಯ ಆದಿಪಿತೃಗಳು ಬೋಧಿಸಿದರು. ಕಾನಾ ಊರಿನ ಮದುವೆಮನೆಯಲ್ಲಿ ಅವರ ಮೊದಲ ಸೂಚಕ ಕಾರ್ಯ ನಡೆದದ್ದು ಕೈಕಾಲು ತೊಳೆಯಲು ಇಟ್ಟಿದ್ದ ಆರು ಕಲ್ಲಿನ ಬಾನಿಗಳ ನೀರಿನಿಂದ. ಕುರುಡನನ್ನು ಅವರು ಸಿಲೋವ ಕೊಳಕ್ಕೆ ಕಳುಹಿಸಿದರು. ಕೊನೆಯ ಭೋಜನದ ರಾತ್ರಿ ಬೋಗುಣಿಗೆ ನೀರು ಹೊಯ್ದು ಶಿಷ್ಯರ ಪಾದ ತೊಳೆದರು. ಶಿಲುಬೆಯ ಮೇಲೆ ಅವರ ಪಕ್ಕೆಯನ್ನು ತಿವಿದಾಗ ರಕ್ತವೂ ನೀರೂ ಹರಿದವು. ಆ ನೀರಿನಲ್ಲಿ ಸ್ನಾನದೀಕ್ಷೆಯನ್ನೂ ಆ ರಕ್ತದಲ್ಲಿ ಪರಮಪ್ರಸಾದವನ್ನೂ ಧರ್ಮಸಭೆ ಕಾಣುತ್ತದೆ.

ಇವುಗಳಲ್ಲಿ ನಮ್ಮ ಊರಿಗೆ ಅತಿ ಹತ್ತಿರದ ಪ್ರಸಂಗ ಯಕೋಬನ ಬಾವಿಯದು (ಯೊವಾನ್ನನ ಶುಭಸಂದೇಶ, 4ನೇ ಅಧ್ಯಾಯ). ನಡುಮಧ್ಯಾಹ್ನದ ಬಿಸಿಲು. ದಣಿದ ಯೇಸು ಬಾವಿಕಟ್ಟೆಯ ಮೇಲೆ ಕುಳಿತಿದ್ದಾರೆ. ಅವರ ಕೈಯಲ್ಲಿ ಹಗ್ಗವೂ ಇಲ್ಲ, ಕೊಡವೂ ಇಲ್ಲ. ನೀರಿಗೆ ಬಂದ ಸಮಾರಿಯದ ಮಹಿಳೆಯೊಡನೆ ಅವರು ಕುಡಿಯಲು ನೀರು ಕೇಳುತ್ತಾರೆ. ಯೆಹೂದ್ಯರು ಸಮಾರಿಯದವರ ಪಾತ್ರೆಯನ್ನು ಬಳಸುತ್ತಿರಲಿಲ್ಲ. ಯಾರ ಬಾವಿ, ಯಾರ ಕೊಡ, ಯಾರು ಮುಟ್ಟಬಹುದು ಎಂಬ ಲೆಕ್ಕ ಅಲ್ಲಿಯೂ ಇತ್ತು, ನಮ್ಮ ನಾಡಿನಲ್ಲಿಯೂ ಇತ್ತು. ಯೇಸು ಆ ಗೋಡೆಯನ್ನು ದಾಟಿದ್ದು ಉಪದೇಶದಿಂದಲ್ಲ, ಬಾಯಾರಿಕೆಯಿಂದ. ಜೀವಜಲದ ಮಾತು ಬಂದದ್ದು ಆಮೇಲೆ. ಮೊದಲು ಬಂದದ್ದು ಒಂದು ಗುಟುಕು ನೀರಿನ ಬೇಡಿಕೆ.

ಸ್ನಾನದೀಕ್ಷೆಗೆ ಎಂಥ ನೀರು ಬೇಕು?

ಧರ್ಮಸಭೆಯ ಕಾನೂನು ಸಂಹಿತೆ (1983) ಸ್ನಾನದೀಕ್ಷೆಗೆ ನಿಜವಾದ ನೀರು ಬೇಕೆಂದು 849ನೇ ವಿಧಿಯಲ್ಲಿ ಹೇಳುತ್ತದೆ. ಬಾವಿ, ಹೊಳೆ, ಕೆರೆ, ಮಳೆ, ನಲ್ಲಿ, ಕಡಲು, ಯಾವ ನೀರಾದರೂ ಸಲ್ಲುತ್ತದೆ. ಹಾಲು, ಎಣ್ಣೆ, ಎಳನೀರು ಎಷ್ಟೇ ಶುದ್ಧವಾಗಿದ್ದರೂ, ಎಷ್ಟೇ ಬೆಲೆಯದಾದರೂ ಸಲ್ಲುವುದಿಲ್ಲ. ನಾರ್ವೆ ದೇಶದಲ್ಲಿ ನೀರಿನ ಅಭಾವದಿಂದ ಕೆಲವು ಮಕ್ಕಳಿಗೆ ಬಿಯರ್‌ನಿಂದ ಸ್ನಾನದೀಕ್ಷೆ ಕೊಟ್ಟ ವಿಷಯ 13ನೇ ಶತಮಾನದಲ್ಲಿ ರೋಮಿಗೆ ಹೋದಾಗ, ಅದು ಸಿಂಧುವಲ್ಲವೆಂದು ಪೋಪ್ ಒಂಬತ್ತನೇ ಗ್ರೆಗೊರಿಯವರು 1241ರಲ್ಲಿ ಉತ್ತರ ಕೊಟ್ಟರು.

ನೀರನ್ನು ತಲೆಯ ಮೇಲೆ ಹೊಯ್ಯಬಹುದು ಅಥವಾ ನೀರಿನಲ್ಲಿ ಮುಳುಗಿಸಬಹುದು (ವಿಧಿ 854). ನೀರು ಚರ್ಮದ ಮೇಲೆ ಹರಿಯಬೇಕು. ಪಿತ, ಸುತ, ಪವಿತ್ರಾತ್ಮರ ಹೆಸರನ್ನು ಹೇಳುತ್ತಾ ಮೂರು ಬಾರಿ ಹೊಯ್ಯುವುದು ರೂಢಿ. ಸಾಮಾನ್ಯ ಸಂದರ್ಭದಲ್ಲಿ ನೀರನ್ನು ಮೊದಲು ಆಶೀರ್ವದಿಸುತ್ತಾರೆ. ತುರ್ತು ಸಂದರ್ಭದಲ್ಲಿ ಅದೂ ಬೇಕಾಗಿಲ್ಲ (ವಿಧಿ 853). ಮಗುವಿನ ಜೀವಕ್ಕೆ ಅಪಾಯವಿದ್ದು ಗುರುಗಳು ಸಿಗದಿದ್ದರೆ ತಂದೆ, ತಾಯಿ, ದಾದಿ, ಯಾರು ಬೇಕಾದರೂ ಸ್ನಾನದೀಕ್ಷೆ ಕೊಡಬಹುದು (ವಿಧಿ 861). ಧರ್ಮಸಭೆ ಮಾಡುವುದನ್ನೇ ತಾನೂ ಮಾಡುತ್ತೇನೆಂಬ ಉದ್ದೇಶವಿದ್ದರೆ ಕೊಡುವವರು ಕ್ರೈಸ್ತರಾಗಿರಬೇಕೆಂದೂ ಇಲ್ಲ. ಮಗು ಚೇತರಿಸಿಕೊಂಡರೆ ಉಳಿದ ವಿಧಿಗಳನ್ನು ಆಮೇಲೆ ದೇವಾಲಯದಲ್ಲಿ ನಡೆಸುತ್ತಾರೆ. ಸ್ನಾನದೀಕ್ಷೆಯನ್ನು ಮಾತ್ರ ಮತ್ತೊಮ್ಮೆ ಕೊಡುವುದಿಲ್ಲ. ಪ್ರತಿ ಕಥೋಲಿಕ ಮನೆಯವರೂ ಇಷ್ಟನ್ನು ತಿಳಿದಿರುವುದು ಒಳ್ಳೆಯದು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಪರಮಪ್ರಸಾದಕ್ಕೆ ಗೋಧಿಯ ರೊಟ್ಟಿ, ದ್ರಾಕ್ಷಾರಸ ಬೇಕು. ಅವು ಈ ಕರಾವಳಿಯ ಬೆಳೆಗಳಲ್ಲ, ಹೊರಗಿನಿಂದ ತರಬೇಕು. ಆದರೆ ವಿಶ್ವಾಸದ ಬಾಗಿಲಾದ ಸ್ನಾನದೀಕ್ಷೆಗೆ ದೇವರು ಆರಿಸಿಕೊಂಡದ್ದು ಬಡವನ ಹಿತ್ತಲಲ್ಲಿಯೂ ಸಿಗುವ ವಸ್ತುವನ್ನು. ಪ್ರೇಷಿತರ ಕಾರ್ಯಕಲಾಪಗಳ 8ನೇ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿಗೆ ಫಿಲಿಪ್ಪ ಸ್ನಾನದೀಕ್ಷೆ ಕೊಟ್ಟದ್ದು ರಸ್ತೆ ಬದಿಯಲ್ಲಿ ಕಂಡ ನೀರಿನಿಂದ. ಸಂತ ಫ್ರಾನ್ಸಿಸ್ ಕ್ಸೇವಿಯರ್ ದಕ್ಷಿಣದ ಮುತ್ತಿನ ಕರಾವಳಿಯ ಮೀನುಗಾರರ ಊರುಗಳಲ್ಲಿ ಸ್ನಾನದೀಕ್ಷೆ ಕೊಟ್ಟು ಕೊಟ್ಟು ತೋಳು ಸೋತು ಹೋಗುತ್ತದೆಂದು 1544ರ ಪತ್ರದಲ್ಲಿ ಬರೆದರು. ಆ ಸಂತರ ಹೆಸರಿನ ದೇವಾಲಯ ಹೊನ್ನಾವರ ತಾಲೂಕಿನ ಚಂದಾವರದಲ್ಲಿದೆ. ಡಿಸೆಂಬರ್ 3ರ ಹಬ್ಬಕ್ಕೆ ಅಲ್ಲಿ ಎಲ್ಲ ಸಮುದಾಯದ ಭಕ್ತರೂ ಸೇರುತ್ತಾರೆ.

ಉಪ್ಪಾದ ಬಾವಿಯ ನೀರಿನಿಂದಲೂ ಮಗುವಿಗೆ ಸ್ನಾನದೀಕ್ಷೆ ಕೊಡಬಹುದು. ಅದು ಸಂಪೂರ್ಣ ಸಿಂಧು. ಆದರೆ ಮನೆಗೆ ಬಂದ ಮೇಲೆ ಅದೇ ಮಗುವಿಗೆ ಆ ನೀರನ್ನು ಕುಡಿಸಲಾಗದು. ಈ ಎರಡು ಮಾತುಗಳನ್ನು ನಾವು ಒಟ್ಟಿಗೆ ನೆನಪಿಡಬೇಕು.

ಪಾಸ್ಖ ಜಾಗರಣೆಯ ನೀರು

ವರ್ಷದಲ್ಲಿ ನೀರಿಗೆ ಅತಿ ದೊಡ್ಡ ಸ್ಥಾನ ದೊರೆಯುವುದು ಪಾಸ್ಖ ಜಾಗರಣೆಯ ರಾತ್ರಿ. ಅಂದು ಸೃಷ್ಟಿಯಿಂದ ಹಿಡಿದು ಪ್ರವಾದಿಗಳವರೆಗೆ ಹಳೆಯ ಒಡಂಬಡಿಕೆಯ ಏಳು ವಾಚನಗಳಿವೆ. ಕಾರಣವಿದ್ದಾಗ ಕೆಲವನ್ನು ಬಿಡಬಹುದಾದರೂ ಕೆಂಪು ಸಮುದ್ರ ದಾಟಿದ ವಾಚನವನ್ನು ಬಿಡುವಂತಿಲ್ಲ. ನೀರನ್ನು ಆಶೀರ್ವದಿಸುವಾಗ ಗುರುಗಳು ಪಾಸ್ಖ ಮೇಣದ ಬತ್ತಿಯನ್ನು ನೀರಿನೊಳಗೆ ಇಳಿಸಬಹುದು. ಬಳಿಕ ಎಲ್ಲರೂ ಉರಿಯುವ ಬತ್ತಿ ಹಿಡಿದು ಸ್ನಾನದೀಕ್ಷೆಯ ವಾಗ್ದಾನಗಳನ್ನು ನವೀಕರಿಸುತ್ತಾರೆ, ಆ ನೀರನ್ನು ಎಲ್ಲರ ಮೇಲೆ ಪ್ರೋಕ್ಷಿಸುತ್ತಾರೆ.

ಪಾಸ್ಖ ಹಬ್ಬ ಬರುವುದು ಮಾರ್ಚ್ ಕೊನೆಯಲ್ಲಿ ಅಥವಾ ಏಪ್ರಿಲ್‌ನಲ್ಲಿ. ನಮ್ಮ ಬಾವಿಗಳು ಇಳಿಯತೊಡಗುವ ಕಾಲವದು. ಹೊರಗೆ ನೀರು ಕಡಿಮೆಯಾಗುತ್ತಿರುವಾಗ ದೇವಾಲಯದೊಳಗೆ ನೀರಿಗಾಗಿ ದೇವರಿಗೆ ಸ್ತುತಿ ಸಲ್ಲಿಸುವುದು ಈ ಕರಾವಳಿಯಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ.

ಬಲಿಪೂಜೆಯಲ್ಲಿ ಒಂದು ಹನಿ

ಪ್ರತಿ ಬಲಿಪೂಜೆಯಲ್ಲಿ ಕಾಣಿಕೆಯ ಸಮಯದಲ್ಲಿ ಗುರುಗಳು ದ್ರಾಕ್ಷಾರಸಕ್ಕೆ ಸ್ವಲ್ಪ ನೀರು ಸೇರಿಸುತ್ತಾರೆ. ಹೆಚ್ಚಿನವರ ಗಮನ ಅತ್ತ ಹೋಗುವುದಿಲ್ಲ. ಕಾರ್ಥೇಜಿನ ಧರ್ಮಾಧ್ಯಕ್ಷರಾಗಿದ್ದು 258ರಲ್ಲಿ ರಕ್ತಸಾಕ್ಷಿಯಾದ ಸಂತ ಸಿಪ್ರಿಯನ್ ಇದರ ಅರ್ಥವನ್ನು ವಿವರಿಸಿದ್ದಾರೆ: ದ್ರಾಕ್ಷಾರಸ ಕ್ರಿಸ್ತರನ್ನು, ನೀರು ಜನರನ್ನು ಸೂಚಿಸುತ್ತದೆ. ಬೆರೆತ ಮೇಲೆ ಅವನ್ನು ಬೇರ್ಪಡಿಸಲಾಗದು. ಹೀಗಾಗಿ ಬಲಿಪಾತ್ರೆಯಲ್ಲಿ ನಮ್ಮನ್ನು ಪ್ರತಿನಿಧಿಸುವುದು ಆ ಹನಿ ನೀರು. ಆಮೇಲೆ ಗುರುಗಳು ಕೈ ತೊಳೆಯುವುದು ಅಂತರಂಗದ ಶುದ್ಧತೆಗಾಗಿ ಮಾಡುವ ಪ್ರಾರ್ಥನೆ.

ಪವಿತ್ರ ಗುರುವಾರದ ಪಾದ ತೊಳೆಯುವ ವಿಧಿ ಎಲ್ಲರಿಗೂ ತಿಳಿದದ್ದು. ಮೊದಲು ಇದಕ್ಕೆ ಪುರುಷರನ್ನು ಮಾತ್ರ ಆರಿಸಬೇಕೆಂಬ ನಿಯಮವಿತ್ತು. ಪೋಪ್ ಫ್ರಾನ್ಸಿಸ್ ಅವರ ಇಚ್ಛೆಯಂತೆ 2016ರ ಜನವರಿ 6ರ ಆಜ್ಞೆಯಿಂದ ಅದು ಬದಲಾಯಿತು. ಈಗ ಸ್ತ್ರೀಯರು, ಪುರುಷರು, ಹಿರಿಯರು, ಯುವಜನರು, ರೋಗಿಗಳು ಯಾರನ್ನು ಬೇಕಾದರೂ ಆರಿಸಬಹುದು. ಮನೆಗೆ ನೀರು ಹೊತ್ತು ತರುವ ಕೆಲಸ ಹೆಚ್ಚಾಗಿ ಮಹಿಳೆಯರ ಪಾಲಿಗೇ ಬಂದಿರುವ ನಮ್ಮಲ್ಲಿ, ಅವರ ಪಾದಕ್ಕೂ ದೇವಾಲಯದಲ್ಲಿ ನೀರು ಬೀಳುವುದು ಅರ್ಥಪೂರ್ಣವಾಗಿದೆ.

ತೀರ್ಥ ಮಂತ್ರದ ನೀರಲ್ಲ

ದೇವಾಲಯದ ಬಾಗಿಲ ಬಳಿ ಇರುವ ಬಟ್ಟಲಿನ ತೀರ್ಥದಲ್ಲಿ ಬೆರಳು ಅದ್ದಿ ಶಿಲುಬೆಯ ಗುರುತು ಹಾಕುವುದನ್ನು ಮಕ್ಕಳು ನಡೆಯಲು ಕಲಿಯುವಾಗಲೇ ಕಲಿಯುತ್ತಾರೆ. ಇದು ಸ್ನಾನದೀಕ್ಷೆಯ ಸ್ಮರಣೆ. ಧರ್ಮಸಭೆ ತೀರ್ಥವನ್ನು ಏಳು ಸಂಸ್ಕಾರಗಳ ಸಾಲಿಗೆ ಸೇರಿಸದೆ ಉಪಸಂಸ್ಕಾರವೆಂದು ಕರೆಯುತ್ತದೆ. ಅದು ಧರ್ಮಸಭೆಯ ಪ್ರಾರ್ಥನೆಯ ಮೂಲಕ ನಮ್ಮನ್ನು ದೇವರ ಕೃಪೆಗೆ ಸಿದ್ಧಪಡಿಸುತ್ತದೆ. ತಾನಾಗಿಯೇ ಫಲ ಕೊಡುವ ಮಂತ್ರದ ನೀರು ಅದಲ್ಲ. ತೀರ್ಥದಲ್ಲಿ ಉಪ್ಪು ಬೆರೆಸುವ ಹಳೆಯ ರೂಢಿ ಇದೆ. ಅದು ಮೇಲೆ ಹೇಳಿದ ಎಲೀಷನ ಘಟನೆಯನ್ನು ನೆನಪಿಸುತ್ತದೆ.

ಲೂರ್ದಿನ ನೀರಿನ ವಿಷಯವೂ ಹೀಗೆಯೇ. 1858ರ ಫೆಬ್ರವರಿ 25ರಂದು ಬಾಲಕಿ ಬೆರ್ನದೆತ್ ಮಾತೆ ಮರಿಯಮ್ಮನವರ ಮಾತಿನಂತೆ ಗವಿಯ ನೆಲವನ್ನು ಕೈಯಿಂದ ಕೆರೆದಾಗ ಮೊದಲು ಸಿಕ್ಕಿದ್ದು ಕೆಸರು. ಆಮೇಲೆ ಅದು ತಿಳಿಯಾಗಿ ಹರಿಯಿತು. ಅದೇ ವರ್ಷ ಟುಲೂಸ್ ನಗರದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಫಿಲೋಲ್ ಪರೀಕ್ಷಿಸಿ, ಅದರಲ್ಲಿ ಔಷಧಿಯ ವಿಶೇಷ ಗುಣವಿಲ್ಲ, ಕುಡಿಯುವ ಸಾಧಾರಣ ನೀರು ಎಂದು ವರದಿ ಕೊಟ್ಟರು. ಧರ್ಮಸಭೆ ಇದನ್ನು ಅಲ್ಲಗಳೆಯುವುದಿಲ್ಲ. ಗುಣವಾಗುವುದು ದೇವರ ಕೃಪೆಯಿಂದ, ವಿಶ್ವಾಸದ ಪ್ರಾರ್ಥನೆಗೆ ಉತ್ತರವಾಗಿ. ಲೂರ್ದು ಮಾತೆಯ ಹಬ್ಬವಾದ ಫೆಬ್ರವರಿ 11ನ್ನು 1993ರಿಂದ ವಿಶ್ವ ರೋಗಿಗಳ ದಿನವಾಗಿಯೂ ಆಚರಿಸಲಾಗುತ್ತಿದೆ.

ಮನೆಯಲ್ಲಿ ತೀರ್ಥವನ್ನು ಶುಚಿಯಾದ, ಮುಚ್ಚಳವಿರುವ ಬಾಟಲಿಯಲ್ಲಿ ಇಡಬೇಕು. ಹಳೆಯದಾದರೆ ಚರಂಡಿಗೆ ಸುರಿಯದೆ ಗಿಡದ ಬುಡಕ್ಕೋ ಯಾರೂ ತುಳಿಯದ ಮಣ್ಣಿಗೋ ಹಾಕುವುದು ಕ್ರಮ. ಪವಿತ್ರ ವಸ್ತುಗಳನ್ನು ಗೌರವದಿಂದ ಕಾಣಬೇಕೆಂದು ಕಾನೂನು ಸಂಹಿತೆ ಹೇಳುತ್ತದೆ. ರೋಗಿಯ ಹಾಸಿಗೆ ಬಳಿ, ಪ್ರಯಾಣಕ್ಕೆ ಹೊರಡುವ ಮಕ್ಕಳ ಹಣೆಯ ಮೇಲೆ, ರಾತ್ರಿ ಕುಟುಂಬ ಪ್ರಾರ್ಥನೆಯ ನಂತರ ತಂದೆತಾಯಿ ತೀರ್ಥದಿಂದ ಶಿಲುಬೆಯ ಗುರುತು ಹಾಕಬಹುದು. ಹೊಸ ಮನೆ, ಹೊಸ ಬಾವಿ, ಬಿತ್ತನೆಯ ಗದ್ದೆ, ಹೊಸ ದೋಣಿ ಎಲ್ಲಕ್ಕೂ ಗುರುಗಳನ್ನು ಕರೆದು ಆಶೀರ್ವಾದ ಬೇಡುವುದುಂಟು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಅದು ಮುಗಿದು ದೋಣಿಗಳು ಮತ್ತೆ ಕಡಲಿಗಿಳಿಯುವ ಹೊತ್ತು ಇಂಥ ಪ್ರಾರ್ಥನೆಗೆ ತಕ್ಕ ಸಮಯ.

ಅಂತ್ಯಕ್ರಿಯೆಯಲ್ಲಿ ಶವಪೆಟ್ಟಿಗೆಯ ಮೇಲೆ ತೀರ್ಥ ಪ್ರೋಕ್ಷಿಸುವುದಕ್ಕೂ ಇದೇ ಅರ್ಥ. ಈ ವ್ಯಕ್ತಿ ಒಮ್ಮೆ ನೀರಿನಲ್ಲಿ ಕ್ರಿಸ್ತರೊಡನೆ ಸತ್ತು ಎದ್ದವರು, ಈಗಲೂ ಅವರೊಡನೆ ಏಳುವರೆಂಬ ಭರವಸೆ ಅದರಲ್ಲಿದೆ.

ನೆರೆಹೊರೆಯವರೊಡನೆ ಹಂಚಿಕೊಂಡ ಅರ್ಥ

ಕಥೋಲಿಕ ಸಮುದಾಯ ಈ ದಡದಲ್ಲಿ ಶತಮಾನಗಳಿಂದ ಬಾಳಿದೆ. 17ನೇ ಶತಮಾನದಲ್ಲಿ ಕೆಳದಿಯ ರಾಣಿ ಚೆನ್ನಮ್ಮ ಮಿರ್ಜಾನ, ಹೊನ್ನಾವರ, ಚಂದಾವರ ಮುಂತಾದೆಡೆ ದೇವಾಲಯ ಕಟ್ಟಲು ಅನುಮತಿ ಕೊಟ್ಟಿದ್ದಳು. ಅಂದಿನಿಂದ ನಮ್ಮ ಹಿರಿಯರು ಹಿಂದೂ, ಮುಸ್ಲಿಂ ನೆರೆಹೊರೆಯವರೊಡನೆ ಅದೇ ಹೊಳೆಯ ನೀರು ಬಳಸಿದವರು. ಭಟ್ಕಳದ ಮಸೀದಿಗಳಲ್ಲಿ ನಮಾಜಿನ ಮೊದಲು ಕೈಕಾಲು, ಮುಖ ತೊಳೆಯುತ್ತಾರೆ. ಗೋಕರ್ಣಕ್ಕೆ ಬರುವವರು ಕೋಟಿತೀರ್ಥದಲ್ಲಿ ಮೀಯುತ್ತಾರೆ. ಕುಮಟಾ ತಾಲೂಕಿನಲ್ಲಿ ಕಡಲು ಸೇರುವ ಅಘನಾಶಿನಿಯ ಹೆಸರಿನ ಅರ್ಥವೇ ಪಾಪವನ್ನು ನಾಶಮಾಡುವವಳು ಎಂದು. ಪ್ರತಿ ಧರ್ಮದ ಬೋಧನೆ ಬೇರೆ, ನಿಜ. ಸ್ನಾನದೀಕ್ಷೆ ಜೀವನದಲ್ಲಿ ಒಮ್ಮೆ ಮಾತ್ರ ಸಿಗುವ ಸಂಸ್ಕಾರ. ಅದರ ಶಕ್ತಿ ನದಿಯದ್ದಲ್ಲ, ಕ್ರಿಸ್ತರ ಮರಣ ಮತ್ತು ಪುನರುತ್ಥಾನದ್ದು. ಆದರೂ ನೀರಿನ ಮುಂದೆ ಮನುಷ್ಯ ತಲೆಬಾಗುತ್ತಾನೆ ಎಂಬುದು ನಮ್ಮೆಲ್ಲರಿಗೂ ಸಮಾನ. ನೀರನ್ನು ಕಾಪಾಡುವ ಕೆಲಸದಲ್ಲಿ ನಾವೆಲ್ಲ ಕೈಜೋಡಿಸಲು ಇಷ್ಟು ಸಾಕು.

ನಮ್ಮ ಹೊಳೆ, ನಮ್ಮ ಬಾವಿ

ಅಕ್ಕಪಕ್ಕದ ಎರಡು ನದಿಗಳು ನಮಗೆ ಪಾಠ ಹೇಳುತ್ತವೆ. ಅಂಬುತೀರ್ಥದಲ್ಲಿ ಹುಟ್ಟಿ ಜೋಗದಲ್ಲಿ 253 ಮೀಟರ್ ಧುಮುಕಿ ಹೊನ್ನಾವರದಲ್ಲಿ ಕಡಲು ಸೇರುವ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಅದರ ನೀರು ನಾಡಿಗೆ ಬೆಳಕು ಕೊಟ್ಟಿತು. ವಿದ್ಯುದಾಗಾರಗಳಿಂದ ವರ್ಷವಿಡೀ ಸಿಹಿನೀರು ಬಿಡುವುದರಿಂದ ಅದರ ಅಳಿವೆಯಲ್ಲಿ ಉಪ್ಪಿನ ಅಂಶ ಕಡಿಮೆಯಾಯಿತು, ಉಪ್ಪುಸಿಹಿ ಬೆರೆತ ನೀರಿನಲ್ಲಿ ಬೆಳೆಯುವ ಬಳಚು ಕುಗ್ಗಿತು ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಗುರುತಿಸಿದ್ದಾರೆ. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯಲ್ಲಿ ಮಾತ್ರ ಬಳಚು ಹೆಕ್ಕಿ ಸಾವಿರಾರು ಜನ ಬದುಕುತ್ತಾರೆ. ಮಾಣಿಕಟ್ಟೆಯ ಗಜನಿ ಗದ್ದೆಗಳಲ್ಲಿ ಉಪ್ಪು ನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸಾರ್ ತಾಣವೆಂದು ಘೋಷಣೆಯಾಯಿತು. ನೀರಿಗೆ ದೇವರು ಗೊತ್ತುಮಾಡಿದ ಎಲ್ಲೆಯನ್ನು ಬದಲಿಸಿದರೆ ಅದರ ಬೆಲೆಯನ್ನು ಎಲ್ಲೋ ಒಬ್ಬ ಬಡವ ತೆರಬೇಕಾಗುತ್ತದೆ.

ಬಾವಿ ಉಪ್ಪಾಗುವುದು ಏಕೆ ಎಂಬುದನ್ನೂ ತಿಳಿಯೋಣ. ಕರಾವಳಿಯ ನೆಲದಡಿಯಲ್ಲಿ ಹಗುರವಾದ ಸಿಹಿನೀರು ಭಾರವಾದ ಕಡಲ ನೀರಿನ ಮೇಲೆ ತೇಲಿಕೊಂಡಿರುತ್ತದೆ. ಮರಳು ನೆಲದ ಲೆಕ್ಕದಂತೆ ಸಮುದ್ರಮಟ್ಟಕ್ಕಿಂತ 1 ಮೀಟರ್ ಎತ್ತರಕ್ಕೆ ಸಿಹಿನೀರಿದ್ದರೆ ಅದರ ಕೆಳಗೆ ಸುಮಾರು 40 ಮೀಟರ್ ಆಳದವರೆಗೆ ಸಿಹಿನೀರೇ ಇರುತ್ತದೆ. ಪಂಪು ಹಚ್ಚಿ ಮೇಲಿನ ಮಟ್ಟವನ್ನು ಸ್ವಲ್ಪ ಇಳಿಸಿದರೂ ಕೆಳಗಿನ ಉಪ್ಪು ನೀರು ಅದರ ಹಲವು ಪಟ್ಟು ಮೇಲೇರುತ್ತದೆ. ಆದ್ದರಿಂದ ಒಂದು ತೋಟಕ್ಕೆ ಮಿತಿಮೀರಿ ಎತ್ತಿದ ನೀರು ಪಕ್ಕದ ಮನೆಯ ಬಾವಿಯನ್ನು ಕೆಡಿಸಬಲ್ಲದು. ಹೊಳೆಯ ಮರಳನ್ನು ಆಳಕ್ಕೆ ತೆಗೆದರೆ ಭರತದ ನೀರು ಇನ್ನೂ ಒಳಕ್ಕೆ ನುಗ್ಗುತ್ತದೆ. ಕೊಳಚೆಯೂ ಹಾಗೆಯೇ. ಭಟ್ಕಳ ಪಟ್ಟಣದಲ್ಲಿ ಶರಾಬಿ ಹೊಳೆಗೂ ಸುತ್ತಲಿನ ಬಾವಿಗಳಿಗೂ ಚರಂಡಿ ನೀರು ಸೇರುತ್ತಿದೆಯೆಂಬ ದೂರು ಹಲವು ವರ್ಷಗಳದು. ಬಾವಿ ನನ್ನದಾಗಿರಬಹುದು, ಒಳಗಿನ ನೀರು ನನ್ನೊಬ್ಬನದಲ್ಲ.

ಧರ್ಮಸಭೆಯ ಬೋಧನೆ

2010ರ ಜುಲೈ 28ರಂದು ವಿಶ್ವಸಂಸ್ಥೆಯ ಮಹಾಸಭೆ ಶುದ್ಧ ಕುಡಿಯುವ ನೀರನ್ನು ಮಾನವ ಹಕ್ಕೆಂದು ಒಪ್ಪಿತು. ಪೋಪ್ ಫ್ರಾನ್ಸಿಸ್ ಅವರು 2015ರ ಮೇ 24ರಂದು ಸಹಿ ಮಾಡಿದ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ನೀರಿಗಾಗಿಯೇ ಕೆಲವು ಪರಿಚ್ಛೇದಗಳಿವೆ (27ರಿಂದ 31). ಬದುಕಲು ನೀರು ಬೇಕೇ ಬೇಕು, ಆದ್ದರಿಂದ ಕುಡಿಯುವ ನೀರು ಪಡೆಯುವುದು ಮೂಲಭೂತವಾದ, ಎಲ್ಲರಿಗೂ ಸೇರಿದ ಹಕ್ಕು ಎಂಬುದು ಅದರ ಬೋಧನೆ. ನೀರು ಸಿಗದ ಬಡವರಿಗೆ ಈ ಲೋಕ ಸಾಲಗಾರನಾಗಿದೆ ಎಂದೂ ಅವರು ಎಚ್ಚರಿಸಿದರು. 2020ರಲ್ಲಿ ವ್ಯಾಟಿಕನ್ ಇದೇ ವಿಷಯದ ಮೇಲೆ ‘ಆಕ್ವಾ ಫೋನ್ಸ್ ವೀತೆ’ ಎಂಬ ದಾಖಲೆಯನ್ನು ಹೊರತಂದಿತು. ನೀರು ಜೀವದ ಬುಗ್ಗೆ ಎಂಬುದು ಆ ಹೆಸರಿನ ಅರ್ಥ.

ಈ ಬೋಧನೆ ಹೊಸತೇನಲ್ಲ. ಅಂತಿಮ ತೀರ್ಪಿನಲ್ಲಿ ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಬಾಯಾರಿದವನಿಗೆ ನೀರು ಕೊಟ್ಟೆಯಾ ಎಂಬುದೂ ಒಂದೆಂದು ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯ ತಿಳಿಸುತ್ತದೆ. ಒಂದು ಲೋಟ ತಣ್ಣೀರಿಗೂ ಪ್ರತಿಫಲ ತಪ್ಪದೆಂದು ಅದೇ ಶುಭಸಂದೇಶದ 10ನೇ ಅಧ್ಯಾಯದಲ್ಲಿದೆ.

ಮನೆಯಲ್ಲಿ, ಧರ್ಮಕೇಂದ್ರದಲ್ಲಿ ನಾವೇನು ಮಾಡಬಹುದು?

1. ನಮ್ಮ ಸ್ನಾನದೀಕ್ಷೆಯ ದಿನಾಂಕವನ್ನು ತಿಳಿದುಕೊಳ್ಳೋಣ. ಧರ್ಮಕೇಂದ್ರದ ದಾಖಲೆ ಪುಸ್ತಕದಲ್ಲಿ ಅದು ಸಿಗುತ್ತದೆ. ಹುಟ್ಟುಹಬ್ಬದಂತೆ ಆ ದಿನವನ್ನೂ ಮನೆಯಲ್ಲಿ ಪ್ರಾರ್ಥನೆಯೊಡನೆ ನೆನೆಯೋಣ.

2. ತೀರ್ಥ ಮುಟ್ಟುವಾಗ ಅವಸರ ಬೇಡ. ಏಕೆ ಮುಟ್ಟುತ್ತೇವೆಂದು ಮಕ್ಕಳಿಗೆ ಒಂದು ಮಾತಿನಲ್ಲಾದರೂ ಹೇಳೋಣ.

3. ಬೇಸಗೆಯಲ್ಲಿ ನಮ್ಮ ಬಾವಿಯಲ್ಲಿ ನೀರಿದ್ದರೆ ಇಲ್ಲದವರನ್ನು ನಾವೇ ಕರೆಯೋಣ. ಅವರಾಗಿ ಬಂದು ಬೇಡುವ ತನಕ ಕಾಯುವುದು ಬೇಡ. ಜಾತಿ, ಮತ ಕೇಳುವುದಂತೂ ಬೇಡವೇ ಬೇಡ.

4. ದೇವಾಲಯ, ಶಾಲೆ, ಸಭಾಭವನಗಳ ಮಾಡಿನ ಮೇಲೆ ಬೀಳುವ ಮಳೆ ನೀರು ಚರಂಡಿಗೆ ಹೋಗುವ ಬದಲು ಸೋಸಿ ಬಾವಿಗೆ ಅಥವಾ ಇಂಗುಗುಂಡಿಗೆ ಹೋಗಲಿ. 3,000 ಮಿಲಿಮೀಟರ್ ಮಳೆಯಲ್ಲಿ 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ 3,00,000 ಲೀಟರ್ ನೀರು ಬೀಳುತ್ತದೆ. ಕಡಲ ಬದಿಯ ನೆಲದಲ್ಲಿ ಇಂಗಿದ ಸಿಹಿನೀರೇ ಉಪ್ಪನ್ನು ತಡೆಯುವ ಗೋಡೆ.

5. ನಲ್ಲಿ ಬಂತೆಂದು ಬಾವಿಯನ್ನು ಕಸದ ಗುಂಡಿ ಮಾಡಬಾರದು. ಮಳೆಗಾಲದ ಮೊದಲು ಕೆಸರು ತೆಗೆದು, ಕಟ್ಟೆ ಸರಿಮಾಡಿ, ಬಚ್ಚಲು ಮತ್ತು ಶೌಚಾಲಯದ ಗುಂಡಿಗಳು ಬಾವಿಯಿಂದ ದೂರವಿರುವಂತೆ ನೋಡಿಕೊಳ್ಳೋಣ.

6. ಮಾರ್ಚ್ 22ರ ವಿಶ್ವ ಜಲದಿನ ಹೆಚ್ಚಾಗಿ ತಪಸ್ಸು ಕಾಲದಲ್ಲಿ ಬರುತ್ತದೆ. ಆ ವಾರದ ತ್ಯಾಗದ ಕಾಣಿಕೆಯನ್ನು ವಾಳೆಯ ಒಂದು ಬಾವಿಯ ದುರಸ್ತಿಗೆ ಮೀಸಲಿಡಬಹುದು.

ದೇವರು ನಮ್ಮನ್ನು ತಮ್ಮ ಮಕ್ಕಳನ್ನಾಗಿ ಮಾಡಿಕೊಳ್ಳಲು ಬೇರೆ ಯಾವ ಅಪರೂಪದ ವಸ್ತುವನ್ನೂ ಆರಿಸಲಿಲ್ಲ, ಬಾವಿಯಿಂದ ಸೇದಿದ ನೀರನ್ನು ಆರಿಸಿದರು. ಆ ನೀರು ನಮ್ಮ ತಲೆಯ ಮೇಲೆ ಒಮ್ಮೆ ಬಿದ್ದಿದೆ. ಅದೇ ನೀರು ನೆರೆಮನೆಯ ಕೊಡದಲ್ಲಿಯೂ ಇರುವಂತೆ ನೋಡಿಕೊಳ್ಳುವುದು ಸ್ನಾನದೀಕ್ಷೆ ಪಡೆದ ನಮ್ಮೆಲ್ಲರ ಕರ್ತವ್ಯ.